ತಮ್ಮನ ಕೈಗೆ ಕೊಟ್ಟ ಕೋವಿ

ಹಡಗಿನಿಂದ
೧೯೫೬ ಆಗಸ್ಟ್ ೯

ಉವಿಲುಕ್,

ಹಡಗಿನ ಕಟಕಟೆ ಹಿಡಿದು ನಿಂತು ನಿಮ್ಮೆಲ್ಲರಿಗೂ ಕೈ ಬೀಸಿದೆ. ನೀವು ಕಂಡಿರೋ ಇಲ್ಲವೋ. ಎದೆಯ ಚಿತ್ರ ತೆಗೆದು ಸಂಜೆಯೊಳಗೆ ದಡಕ್ಕೆ ಬಿಡುತ್ತಾರೆಂದು ನಂಬಿ ಹತ್ತಿದವನು ನಾನು. ಡಾಕ್ಟರು ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ದುಭಾಷಿ ಹೆಂಗಸು, "ನಿನ್ನ ಎದೆ ಕೆಟ್ಟಿದೆಯಂತೆ, ದಕ್ಷಿಣದ ಆಸ್ಪತ್ರೆಗೆ ಹೋಗ್ಬೇಕಂತೆ" ಅಂದಳು. "ಹೆಂಡತಿಗೊಂದು ಮಾತು ಹೇಳಿ ಬರ್ತೀನಿ ತಾಯಿ" ಅಂದೆ. "ದೋಣಿ ಆಗ್ಲೇ ಮೇಲೆತ್ತಿದಾರೆ ಕಣಪ್ಪ" ಅಂದಳು. ಅಳು ಬಂತು. ಇಷ್ಟು ಜನರ ಮುಂದೆ ಅಳಲಾರದೆ ಕೆಮ್ಮಿದೆ.

ಆ ಒಂದು ಮಾತು ಯಾವುದೆಂದರೆ ಕೋವಿಯದು. ನಗಬೇಡ, ಈ ಚಳಿಗಾಲ ನಿಮ್ಮ ಹೊಟ್ಟೆ ತುಂಬಿಸುವುದು ಅದೊಂದೇ. ಕೋವಿಯನ್ನು ನನ್ನ ತಮ್ಮ ನಾಟಾರ್ ಕೈಗೆ ಕೊಡು. ಅವನ ಬಳಿ ಇರುವ ಸಣ್ಣ ಬಂದೂಕು ಹಕ್ಕಿ ಹೊಡೆಯಲಿಕ್ಕಷ್ಟೇ ಆಗುವುದು, ಕಾರಿಬು ಜಿಂಕೆಗಳಿಗೆ ಅದು ತುರಿಕೆಯಷ್ಟೂ ಅಲ್ಲ. ನಮ್ಮ ಕೋವಿ, ನಮ್ಮ ಸಿಪಾಯಿ, ಹಾಗಲ್ಲ. ಯಾರ ಯಾರ ಯುದ್ಧದಲ್ಲೋ ತಿರುಗಿ, ಬೇಡವಾಗಿ, ವ್ಯಾಪಾರಿಯ ಮಳಿಗೆಯ ಮೂಲೆಗೆ ಬಂದು, ನನ್ನ ನರಿಚರ್ಮಗಳಿಗೆ ಸಿಕ್ಕ ಮುದುಕ ಅವನು. ಭುಜಕ್ಕೆ ಕೊಡುವ ಮರದ ಹಿಡಿ ಒಡೆದು ಹಸಿ ಚರ್ಮದ ಪಟ್ಟಿಯಲ್ಲಿ ಬಿಗಿದಿದ್ದೇನೆ, ಗುರಿಕಡ್ಡಿ ಸೊಟ್ಟಗಿದೆ, ಆದರೂ ಕೆಲಸ ಕೆಡಿಸಿದವನಲ್ಲ. ಎಡಕ್ಕೆ ಎಳೆಯುತ್ತಾನೆ, ಬಲಕ್ಕೆ ಗುರಿ ಇಡಬೇಕೆಂದು ನಾಟಾರ್‌ಗೆ ಹೇಳು.

ಇನ್ನೊಂದು. ಹೊಸ ಮಂಜುಗಡ್ಡೆಯ ಮೇಲೆ ಹೋಗುವಾಗ ಗಟ್ಟಿಯಿದೆಯೇ ಎಂದು ಚುಚ್ಚಿ ನೋಡುವ ಈಟಿ, ಕೋವಿ ಎರಡನ್ನೂ ಹೊತ್ತು ಒದ್ದಾಡುವುದು ಬೇಡ ಎನ್ನು. ನಾನು ಮಾಡುವ ಹಾಗೆ ಕೋವಿಯ ಹಿಡಿಯಿಂದಲೇ ತಟ್ಟಿ ನೋಡಿದರೆ ಸಾಕು. ಸಿಪಾಯಿ ಊರುಗೋಲೂ ಹೌದು, ಡೇರೆಯ ಗೂಟವೂ ಹೌದು, ಗಾಳಿಯ ದಿನ ದೋಣಿಯ ಹುಟ್ಟೂ ಹೌದು.

ಮಾವನವರನ್ನು ಕೇಳಿದೆನೆಂದು ಹೇಳು. ನಿನ್ನ ಅಪ್ಪ ಸತ್ತ ವರ್ಷ ಹುಟ್ಟಿ, ಅವರ ಹೆಸರು ಹೊತ್ತು ಬಂದ ನಮ್ಮ ಮಗಳು ನಾಲ್ಕು ವರ್ಷಕ್ಕೇ ನನ್ನನ್ನು ಅವರಂತೆಯೇ ಗದರುತ್ತಾಳೆ. ನಾನಿಲ್ಲದೆ ಮಾವನವರು ಯಾರನ್ನು ಗದರುವರು?

ಕಿಲ್ಲಾಕ್


ನಮ್ಮ ಬಿಡಾರ, ಕೊಲ್ಲಿಯ ಬಾಯಿ
೧೯೫೬ ಸೆಪ್ಟೆಂಬರ್ ೨೦

ಕಿಲ್ಲಾಕ್,

ಕೈ ಬೀಸಿದ್ದನ್ನು ಕಂಡೆವು. ಅತ್ತೆ ಹಡಗು ಮರೆಯಾದ ಮೇಲೂ ಬಂಡೆಯ ಮೇಲೆ ಕೂತೇ ಇದ್ದರು. "ಅಮ್ಮಾ, ಬಾ, ಚಳಿ" ಎಂದು ನಾಟಾರ್ ಕರೆದರೆ, "ನಿಂಗೇನೋ ಗೊತ್ತು, ಹೆತ್ತವಳು ನಾನು" ಎಂದು ಕಲ್ಲು ಎಸೆದರು. ಅಪ್ಪ, ಅಂದರೆ ನಿನ್ನ ಮಾವನವರು, ಈಗ ನಾಯಿಮರಿಗಳನ್ನು ಗದರುತ್ತಿದ್ದಾರೆ.

ಕೋವಿ ನಾಟಾರ್ ಕೈ ಸೇರಿದೆ. ಬೆನ್ನ ಮೇಲೆ ಹಾಕಿಕೊಂಡು ಮನೆಯ ಸುತ್ತ ನಡೆದು ತೋರಿಸಿದ, ತಾನೇ ಯುದ್ಧಕ್ಕೆ ಹೊರಟವನ ಹಾಗೆ. ಎರಡು ಕಾರಿಬು ಬಂದಿವೆ. ಕೊಬ್ಬು ಕಡಿಮೆ. ಒಳನಾಡಿನಲ್ಲಿ ಈ ವರ್ಷ ಹಿಂಡುಗಳು ಬೇರೆ ದಾರಿ ಹಿಡಿದಿವೆ ಎನ್ನುತ್ತಾನೆ. ಪಕ್ಕದ ಬಿಡಾರದವರು ವ್ಯಾಪಾರಿಯ ಊರಿಗೆ ಹೊರಟುಹೋದರು. ಈಗ ಇಲ್ಲಿ ನಾವಷ್ಟೇ.

ಒಂದು ಸುದ್ದಿ ಇದೆ. ನೀನು ಹೋಗುವಾಗ ನನಗೇ ಖಾತ್ರಿ ಇರಲಿಲ್ಲ. ನಾನು ಬಸಿರು. ವಸಂತಕ್ಕೆ ಬರುತ್ತದೆ. ಅಷ್ಟರಲ್ಲಿ ನೀನೂ ಬಾ.

ಉಳಿದ ಜಾಗದಲ್ಲಿ ನಾಟಾರ್ ಬರೆಯುತ್ತಾನಂತೆ.

ಅಣ್ಣಾ, ಅತ್ತಿಗೆ ಬರ್ದಿದ್ದೆಲ್ಲಾ ನಂಬ್ಬೇಡ. ಕಾರಿಬು ಕೊಬ್ಬಿಲ್ಲ ಅಂತಾಳೆ, ನಾಲಿಗೆ ಪೂರ್ತಿ ಅವಳೇ ತಿಂದ್ಲು. ನಿನ್ನ ಸಿಪಾಯಿ ಒದೀತಾನಪ್ಪಾ, ನಿನ್ನಂಗೇ! ಆದ್ರೂ ನಾವಿಬ್ರೂ ಒಗ್ಗಿದೀವಿ. ಈಟಿ ಮನೇಲೇ ಇಟ್ಟಿದೀನಿ, ನೀನು ಹೇಳ್ದಂಗೇ. ನೀನು ಸುಮ್ನೆ ಮಲ್ಕೊಂಡು ಬಿಳಿಯರ ಅನ್ನ ತಿನ್ನು. ಇವರನ್ನ ಹಸಿಯೋಕೆ ನಾನು ಬಿಡಲ್ಲ. ಇದು ನನ್ ಮಾತು. — ನಾಟಾರ್


ಆಸ್ಪತ್ರೆ
೧೯೫೬ ಅಕ್ಟೋಬರ್ ೧೪

ಉವಿಲುಕ್,

ಬಸಿರು ಎಂಬ ಮಾತನ್ನು ಎಷ್ಟು ಸಲ ಓದಿದೆನೋ. ನರ್ಸಮ್ಮನಿಗೆ ಹೊಟ್ಟೆಯ ಮೇಲೆ ಕೈಯಿಂದ ಉಬ್ಬು ಮಾಡಿ ತೋರಿಸಿದೆ. ನನಗೆ ಹೊಟ್ಟೆನೋವು ಎಂದುಕೊಂಡು ಔಷಧಿ ಕುಡಿಸಿದಳು.

ಇಲ್ಲಿ ಏಳುವಂತಿಲ್ಲ. ಉಚ್ಚೆಗೂ ಏಳುವಂತಿಲ್ಲ. ಕಿಟಕಿಯಲ್ಲಿ ಮರಗಳು, ಮರಗಳ ಹಿಂದೆ ಮರಗಳು, ದೂರ ನೋಡಲು ಎಲ್ಲೂ ದಾರಿಯಿಲ್ಲ. ಮಾಂಸವನ್ನು ಬೂದಿಬಣ್ಣ ಬರುವ ತನಕ ಬೇಯಿಸುತ್ತಾರೆ.

ಪಕ್ಕದ ಹಾಸಿಗೆಯಲ್ಲಿ ನಮ್ಮ ಕಡೆಯವನೇ ಒಬ್ಬನಿದ್ದ. ಅವನಿಗೆ ಊರಿನಿಂದ ಕಾಗದ ಬಂತು, ಮಗ ಹೋದನೆಂದು. ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗಿದ. ಊಟ ಬಿಟ್ಟ. ಒಂದು ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಹೊರಗೆ ಹೊರಟು ಬಾಗಿಲ ಬಳಿಯೇ ರಕ್ತ ಕಕ್ಕಿ ಬಿದ್ದ. ಡಾಕ್ಟರು ನಮ್ಮೆಲ್ಲರಿಗೂ ದುಭಾಷಿಯ ಬಾಯಲ್ಲಿ ಹೇಳಿಸಿದರು: ಯಾರು ಎದ್ದು ಓಡುತ್ತಾರೋ ಅವರು ಸಾಯುತ್ತಾರೆ.

ಅದಕ್ಕೇ ಕೇಳುತ್ತೇನೆ, ನನಗೆ ಒಳ್ಳೆಯ ಸುದ್ದಿ ಮಾತ್ರ ಬರೆ. ಕೆಟ್ಟದ್ದೇನಾದರೂ ಇದ್ದರೆ ನಾನು ಬಂದ ಮೇಲೆ ಹೇಳು. ನನ್ನ ಮೇಲೆ ನನಗೇ ನಂಬಿಕೆಯಿಲ್ಲ, ನಾನೂ ಓಡುವವನೇ.

ನಾಟಾರ್ ಮಾತು ಕೊಟ್ಟದ್ದನ್ನು ಓದಿ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೋವಿ ಅವನ ಕೈಯಲ್ಲಿದೆಯಲ್ಲ, ನನಗಿನ್ನೇನು.

ಕಿಲ್ಲಾಕ್


ನಮ್ಮ ಬಿಡಾರ
೧೯೫೬ ಡಿಸೆಂಬರ್ ೨

ಕಿಲ್ಲಾಕ್,

ನಿನ್ನ ಕಾಗದ ಸಿಕ್ಕಿತು. ನಾವೆಲ್ಲ ಚೆನ್ನಾಗಿದ್ದೇವೆ. ಅತ್ತೆ ಚೆನ್ನಾಗಿದ್ದಾರೆ, ಮಾತು ಸ್ವಲ್ಪ ಕಡಿಮೆ. ಅಪ್ಪ ಚೆನ್ನಾಗಿದ್ದಾರೆ. ನಾಟಾರ್ ಚೆನ್ನಾಗಿದ್ದಾನೆ. ಅವನಿಗೆ ಬರೆಯಲು ಬಿಡುವಿಲ್ಲ, ನನ್ನ ಕೈಯಲ್ಲೇ ಕೇಳಿಸುತ್ತಿದ್ದಾನೆ.

ಗುಂಡು ಹಾರಿದ ಮೇಲೆ ಖಾಲಿ ತೋಟೆ ಒಳಗೇ ಕಚ್ಚಿಕೊಂಡು, ಹಿಂದಕ್ಕೆ ಎಳೆಯುವ ಕಬ್ಬಿಣ ಬರದಿದ್ದರೆ ಏನು ಮಾಡಬೇಕಂತೆ? ಒದೆತ ಬೀಳದಂತೆ ಹಿಡಿಯನ್ನು ಭುಜದ ಯಾವ ಜಾಗಕ್ಕೆ ಕೊಡಬೇಕಂತೆ? ಅವನ ಭುಜ ನೀಲಿಗಟ್ಟಿ ಕೈ ಎತ್ತಲಾಗುತ್ತಿಲ್ಲ. ಕಾರಿಬುವಿಗೆ ಗುಂಡು ತಗಲಿದರೂ ಅದು ಬೀಳದೆ ನಡೆದುಹೋಯಿತು. ಈ ಕಡೆ ತೂತು, ಆ ಕಡೆ ತೂತು, ಅಷ್ಟೇ. ಕತ್ತಲಾಗುವ ತನಕ ರಕ್ತದ ಜಾಡು ಹಿಡಿದು ಹೋಗಿ ಬರಿಗೈಲಿ ಬಂದೆ, ಬಂದ. ಅದಕ್ಕೆ ಏನಾದರೂ ಉಪಾಯವಿದೆಯೇ?

ನಿನ್ನ ಹಳೆಯ ಈಟಿಗೆ ತುದಿಯ ಕಬ್ಬಿಣ ಸಡಿಲವಾಗಿದೆ. ಬೇರೆ ತುದಿ ಎಲ್ಲಿಟ್ಟಿದ್ದೀಯ? ಬೇಗ ಬರೆ. ಪೊಲೀಸಿನವನ ನಾಯಿಗಾಡಿ ಎರಡು ತಿಂಗಳಿಗೊಮ್ಮೆ ಮಾತ್ರ ಈ ಕಡೆ ಬರುತ್ತದೆ.

ನನ್ನ ಹೊಟ್ಟೆಯೊಳಗಿನದು ಒದೆಯುತ್ತಿದೆ. ಅದಕ್ಕೊಂದು ಖುಷಿ.

ಉವಿಲುಕ್


ಆಸ್ಪತ್ರೆ
೧೯೫೭ ಜನವರಿ ೬

ಉವಿಲುಕ್,

ನಾಟಾರ್ ಹೀಗೆ ಕೇಳಿದನೇ? ಹಲ್ಲು ಬರುವ ಮುಂಚೆ ಬಂದೂಕು ಚೀಪಿದವನು! ಭುಜ ನೀಲಿಗಟ್ಟಿತಂತೆ! ನನ್ನ ತಮ್ಮ ಹೆಣ್ಣಾಗಿಬಿಟ್ಟನೇ? ನೀನೇ ಒಂದು ಲಂಗ ಹೊಲಿದುಕೊಡು ಅವನಿಗೆ. ಅಥವಾ ಮಲಗಿರುವ ಅಣ್ಣನಿಗೆ ಏನಾದರೂ ಕೆಲಸ ಇರಲೆಂದು ಬೇಕೆಂದೇ ಕೇಳುತ್ತಿದ್ದಾನೋ? ಇರಲಿ, ಹೇಳುತ್ತೇನೆ.

ಹಿಡಿಯನ್ನು ಕೊರಳೆಲುಬಿನ ಕೆಳಗಿನ ಗುಳಿಗೆ ಒತ್ತಿ ಹಿಡಿಯಬೇಕು, ಸಡಿಲ ಬಿಟ್ಟರೆ ಒದೆಯುತ್ತದೆ. ಕಬ್ಬಿಣ ಕಚ್ಚಿಕೊಂಡರೆ ಮರದ ತುಂಡಿನಿಂದ ಅದರ ಗುಬುಟಿಗೆ ಮೇಲ್ಮುಖವಾಗಿ ಹೊಡೆ, ಕಲ್ಲಿನಿಂದ ಬೇಡ. ಆ ತೋಟೆಗಳು ಸಿಪಾಯಿಗಳಿಗೆ ಮಾಡಿದವು. ಮನುಷ್ಯನಿಗೆ ಒಂದು ತೂತು ಸಾಕಲ್ಲ. ಕಾರಿಬುವಿಗಾದರೆ ಗುಂಡಿನ ಮೂತಿಯನ್ನು ಅರದಿಂದ ಒಂಚೂರು ಉಜ್ಜಬೇಕು, ಆಗ ಒಳಗೆ ಹೋಗಿ ಅರಳುತ್ತದೆ. ಒಂಚೂರು ಎಂದರೆ ಒಂಚೂರೇ. ಹೆಚ್ಚು ಉಜ್ಜಿದರೆ ಗುಂಡಿನ ಹೊರಕವಚ ನಳಿಗೆಯಲ್ಲೇ ಉಳಿದು, ಮುಂದಿನ ಗುಂಡಿಗೆ ಕೋವಿಯೇ ಸಿಡಿದು ಮುಖ ಹೋಗುತ್ತದೆ. ಅದಕ್ಕೇ ಪ್ರತಿ ಗುಂಡಿನ ನಂತರ ಕಬ್ಬಿಣ ತೆಗೆದು ನಳಿಗೆಯೊಳಗೆ ನೋಡಬೇಕು. ಆ ತುದಿಯಲ್ಲಿ ಆಕಾಶ ಕಾಣಬೇಕು. ಇದನ್ನೆಲ್ಲ ಅವನಿಗೆ ನಾನೇ ಕಲಿಸಿದ್ದು.

ಈಟಿ ಯಾಕೆ ಈಗ? ಮುದುಕರ ಹಾಗೆ ಈಟಿ ಊರಿಕೊಂಡು ತಿರುಗುತ್ತಾನೆಯೇ? ಬೇರೆ ತುದಿ ನನ್ನ ಹಳೆಯ ಜೋಡಿನೊಳಗಿದೆ.

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಎದೆಗೆ ಏನೋ ಸ್ವಲ್ಪ ಕೆಲಸ ಮಾಡಿದ್ದಾರೆ, ಬಲಗೈ ಜೋಮು ಹಿಡಿದಿದೆ. ಸರಿಹೋಗುತ್ತದೆ.

ಕಿಲ್ಲಾಕ್


ನಮ್ಮ ಬಿಡಾರ
೧೯೫೭ ಫೆಬ್ರವರಿ ೨೪

ಕಿಲ್ಲಾಕ್,

ನಿನ್ನ ಅಕ್ಷರ ಹಕ್ಕಿ ಹಿಮದ ಮೇಲೆ ಓಡಿದ ಹಾಗಿದೆ. ಜೋಮು ಇಳಿಯಿತೇ?

ನಾವು ಚೆನ್ನಾಗಿದ್ದೇವೆ. ಮಾಂಸ ಇದೆ. ಅಪ್ಪ ಸ್ವಲ್ಪ ಸಣ್ಣಗಾಗಿದ್ದಾರೆ, ಬೆಳೆಯುವ ವಯಸ್ಸಲ್ಲವೇ. ನಾಯಿಗಳು ಕಡಿಮೆಯಾಗಿವೆ, ನೋಡಿಕೊಳ್ಳುವುದು ಸುಲಭವಾಗಿದೆ.

ಕೋವಿ ಸಿಡಿಯುತ್ತಿಲ್ಲ. ಬೆರಳಿಂದ ಅದರ ಕುದುರೆ ಎಳೆದರೆ ಟಿಕ್ ಎನ್ನುತ್ತದೆ, ಅಷ್ಟೇ. ನೀರಿನ ಅಂಚಿನಲ್ಲಿ ಸೀಲ್ ತಲೆ ಎತ್ತಿ ನಮ್ಮನ್ನೇ ನೋಡುತ್ತಿತ್ತು. ಟಿಕ್. ಮತ್ತೆ ಟಿಕ್. ಅದು ಮೆಲ್ಲಗೆ ಮುಳುಗಿತು. ನಾಟಾರ್ ಬೆಳಗಿನಿಂದ ಒಂದು ಮಗ್ಗುಲಾಗಿ ಮಂಜಿನ ಮೇಲೆ ಮಲಗಿ ಕಾದಿದ್ದ. ಬೋರಲು ಮಲಗಲು ಅವನಿಗೆ ಆಗುವುದಿಲ್ಲ, ಹೊಟ್ಟೆ ಸರಿಯಿಲ್ಲ. ಬರುವ ದಾರಿಯಲ್ಲಿ ಕೂತು ಅತ್ತುಬಿಟ್ಟ. ಮನೆಗೆ ಬಂದರೆ ಅತ್ತೆ ತಮ್ಮ ಹಳೆಯ ಚರ್ಮದ ಚೀಲ ಕುದಿಸಿ ಇಟ್ಟಿದ್ದರು.

ಅದನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದೇವೆ. ದಿನವೂ ಸೀಲ್ ಎಣ್ಣೆ ಸವರುತ್ತೇವೆ. ರಾತ್ರಿ ಹೊರಗೆ ಬಿಟ್ಟರೆ ನಾಯಿಗಳು ಹಿಡಿಗೆ ಸುತ್ತಿದ ಚರ್ಮ ತಿನ್ನುತ್ತವೆಂದು ಒಳಗೆ ದೀಪದ ಪಕ್ಕ ಬೆಚ್ಚಗೆ ಇಟ್ಟುಕೊಳ್ಳುತ್ತೇವೆ. ಆದರೂ ಹೀಗೆ.

ಏನು ಮಾಡಬೇಕು? ನಿನ್ನ ದಮ್ಮಯ್ಯ, ಬೇಗ ಬರೆ.

ಉವಿಲುಕ್


ಆಸ್ಪತ್ರೆ
೧೯೫೭ ಮಾರ್ಚ್ ೨೪

ಉವಿಲುಕ್,

ಕೋವಿಯನ್ನು ಒಳಗೆ ತಂದವರು ಯಾರು? ಬೆಚ್ಚಗಿನ ಮನೆಯೊಳಗೆ ಕಬ್ಬಿಣ ಬೆವರುತ್ತದೆ, ಹೊರಗೆ ಹೋದೊಡನೆ ಆ ಬೆವರು ಮಂಜಾಗುತ್ತದೆ. ಮೇಲೆ ಎಣ್ಣೆ ಬೇರೆ! ತೋಟೆಗೆ ಬಡಿಯುವ ಒಳಗಿನ ಮುಳ್ಳು ಅಂಟಿಕೊಂಡರೆ ಹೇಗೆ ಹೊಡೆದೀತು? ಕುದಿಯುವ ನೀರಲ್ಲಿ ಕಬ್ಬಿಣ ತೊಳೆದು, ಒಣಗಿಸಿ, ಎಣ್ಣೆ ಮುಟ್ಟಿಸದೆ, ಬಾಗಿಲ ಹೊರಗಿನ ಹಿಮಗೂಡಿನಲ್ಲಿ ನಾಯಿಗೆ ಎಟುಕದಂತೆ ತೂಗು ಹಾಕಬೇಕು. ಇದು ನಮ್ಮಲ್ಲಿ ನಡೆಯಲು ಕಲಿತ ಗಂಡುಮಕ್ಕಳಿಗೆಲ್ಲ ಗೊತ್ತು. ನಾಟಾರ್‌ಗೆ ಗೊತ್ತಿಲ್ಲವೇ?

ಇಲ್ಲಿ ಮಲಗಿ ಮಾಡಲು ಕೆಲಸವಿಲ್ಲ, ನಿನ್ನ ಕಾಗದಗಳನ್ನೇ ಮತ್ತೆ ಮತ್ತೆ ಓದುತ್ತೇನೆ. ಎಲ್ಲದರಲ್ಲೂ ನಾಟಾರ್. ನಾಟಾರ್‌ನ ಭುಜ, ನಾಟಾರ್‌ನ ಹೊಟ್ಟೆ, ನಾಟಾರ್ ಅತ್ತ. ಅವನ ಭುಜ ನೀಲಿಗಟ್ಟಿದ್ದನ್ನು ನೀನು ಯಾವಾಗ ನೋಡಿದೆ? ಅವನು ಒಂದು ಸಾಲು ಯಾಕೆ ಬರೆಯುವುದಿಲ್ಲ? ಅಣ್ಣನ ಮುಖ ನೋಡಲಾಗದ ಕೆಲಸ ಏನು ಮಾಡಿದ್ದಾನೆ? ನಿನ್ನ ಬಗ್ಗೆ ಒಂದು ಮಾತಿಲ್ಲ, ನನ್ನನ್ನು ಕೇಳುವುದು ಕೋವಿಯ ವಿಷಯ ಮಾತ್ರ. ಅವನು ಬೇಟೆ ಮರೆತು ದೀಪದ ಪಕ್ಕ ಬೆಚ್ಚಗೆ ಬಿದ್ದುಕೊಂಡಿದ್ದಾನೆ, ಕೋವಿಯೂ ಬಿದ್ದುಕೊಂಡಿದೆ. ಯಾರ ಹಾಸಿಗೆಯಲ್ಲಿ ಎಂದು ಕೇಳಲೇ?

ಕೋವಿಯನ್ನು ಅವನ ಕೈಯಿಂದ ಇಸಿದುಕೊಂಡು ಅಮ್ಮನ ವಶಕ್ಕೆ ಕೊಡು. ಅದು ನನ್ನದು. ಉಳಿದದ್ದೂ ನನ್ನದೇ ಎಂದುಕೊಂಡಿದ್ದೆ.

ಕಿಲ್ಲಾಕ್


ನಮ್ಮ ಬಿಡಾರ
೧೯೫೭ ಏಪ್ರಿಲ್ ೨೧

ಕಿಲ್ಲಾಕ್,

ಹೆಣ್ಣು ಮಗು. ಈ ತಿಂಗಳ ಮೊದಲಲ್ಲಿ ಬಂತು. ಅತ್ತೆಯೇ ಹಿಡಿದುಕೊಂಡರು. ತೀರಾ ಸಣ್ಣದು, ಕೂಗು ಮಾತ್ರ ದೊಡ್ಡದು. ನಾನು ಎದ್ದು ಓಡಾಡುತ್ತಿದ್ದೇನೆ. ಓಡಾಡದೆ ಆಗುವುದಿಲ್ಲ.

ಕಬ್ಬಿಣ ತೊಳೆಯುವ ಉಪಾಯ ನಿನ್ನ ಕಾಗದ ಬರುವ ಮುಂಚೆಯೇ ಅತ್ತೆಗೆ ಹೊಳೆಯಿತು. ನಿನ್ನ ಅಪ್ಪ ತೊಳೆಯುತ್ತಿದ್ದುದನ್ನು ನೋಡಿದ್ದರಂತೆ. ಚಹಾ ಕಾಯಿಸುವ ಪಾತ್ರೆಯಲ್ಲೇ ಕುದಿಸಿದೆವು, ಚಹಾಪುಡಿ ಮುಗಿದು ಬಹಳ ದಿನವಾಗಿತ್ತು. ಈಗ ಸಿಡಿಯುತ್ತದೆ. ಎರಡು ಸೀಲ್ ಬಂದವು. ಅಪ್ಪ ಮೊದಲ ತುತ್ತು ತಿಂದು ಕಕ್ಕಿದರು, ಎರಡನೆಯದು ದಕ್ಕಿತು.

ನೀನು ಬರೆದ ಉಳಿದ ಮಾತುಗಳನ್ನು ಅತ್ತೆಗೆ ಓದಿ ಹೇಳಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಕಾಗದ ಮಡಿಸಿ ಜೋಡಿನೊಳಗೆ ಹಾಕಿ ತುಳಿದುಕೊಂಡು ಓಡಾಡಿದೆ. ಕೋವಿ ಎಲ್ಲಿರಬೇಕೋ ಅಲ್ಲಿದೆ. ನೀನು ಮಲಗಿರು, ಅಷ್ಟು ಮಾಡು ಸಾಕು.

ಉವಿಲುಕ್


ಆಸ್ಪತ್ರೆ
೧೯೫೭ ಮೇ ೧೯

ಉವಿಲುಕ್,

ಹೆಸರು?

ಮಗು ಬಂದಿದೆ, ಕೂಗುತ್ತದೆ, ಎಲ್ಲ ಬರೆದೆ. ಹೆಸರು ಬರೆಯಲಿಲ್ಲ. ಹೆಸರಿಲ್ಲದೆ ಯಾವ ಮಗು ಉಸಿರು ಹಿಡಿದೀತು? ನಾನು ಅದನ್ನು ಏನೆಂದು ಕರೆಯಲಿ, ಅಕ್ಕ ಎನ್ನಲೇ, ಅಜ್ಜ ಎನ್ನಲೇ? ಯಾರು ಬಂದಿದ್ದಾರೆ ನಮ್ಮ ಮನೆಗೆ?

ಮೊದಲು ಅಮ್ಮ ಹೋದಳೆಂದುಕೊಂಡೆ. ಹೋದವರ ಹೆಸರನ್ನೇ ತಾನೇ ಹುಟ್ಟಿದವರಿಗೆ ಇಡುವುದು, ಅದಕ್ಕೇ ನೀನು ಮುಚ್ಚಿಟ್ಟೆಯೆಂದು. ಆಮೇಲೆ ನೋಡಿದರೆ ಹೆರಿಗೆ ಮಾಡಿಸಿದ್ದು ಅಮ್ಮನೇ ಎಂದು ಬರೆದಿದ್ದೀಯ. ಹಾಗಾದರೆ ಉಳಿದದ್ದು ಒಂದೇ. ಹೆಸರಿಡುವ ಮಾತು ನನ್ನನ್ನು ಕೇಳಿ ಆಗಬೇಕಾದದ್ದು ಎಂದು ನಿಮಗಾರಿಗೂ ಅನಿಸಿಲ್ಲ. ಹಡಗು ಬರುವ ಮುಂಚೆಯೇ ಬಸಿರಾಗಿದ್ದೆ ಅಂದೆಯಲ್ಲ, ಅದಾದರೂ ನಿಜವೇ?

ಬೇಸಿಗೆಯ ಹಡಗು ಜುಲೈ ಕೊನೆಗೆ ಇಲ್ಲಿಂದ ಹೊರಡುತ್ತದೆ. ನಾನು ಬರುತ್ತೇನೆ. ಡಾಕ್ಟರು ತಲೆ ಅಲ್ಲಾಡಿಸಿ ಬೇಡ ಅಂದರು. ಕಟ್ಟಿಹಾಕಿದರೆ ಹಗ್ಗ ಕಡಿದು ಬರುತ್ತೇನೆ. ರಕ್ತ ಕಕ್ಕಿದರೆ ನಮ್ಮ ಬಂಡೆಯ ಮೇಲೇ ಕಕ್ಕುತ್ತೇನೆ. ನಾಟಾರ್‌ಗೆ ಹೇಳು, ಕೋವಿಯನ್ನು ಅವನ ಕೈಯಿಂದ ನಾನೇ ಕಿತ್ತುಕೊಳ್ಳುತ್ತೇನೆ. ಬಂದು ದಡದಲ್ಲಿ ನಿಲ್ಲಲಿ.

ಕಿಲ್ಲಾಕ್


ನಮ್ಮ ಬಿಡಾರ
೧೯೫೭ ಜುಲೈ ೮

ಕಿಲ್ಲಾಕ್,

ವಿಮಾನ ನೀರಿನ ಮೇಲೆ ಇಳಿದು ನಿಂತಿದೆ. ಪೊಲೀಸಿನವನು ಬಂಡೆಯ ಮೇಲೆ ಕೂತು ಸೊಳ್ಳೆ ಹೊಡೆಯುತ್ತಾ, "ಬೇಗ ಬರಿಯಮ್ಮ, ಗಾಳಿ ಏಳ್ತಿದೆ" ಎನ್ನುತ್ತಿದ್ದಾನೆ. ಈ ಕಾಗದ ಹಡಗಿಗಿಂತ ಮೊದಲು ನಿನ್ನನ್ನು ಮುಟ್ಟಬೇಕು. ಕೂತಿದ್ದೀಯೋ ಮಲಗಿದ್ದೀಯೋ, ಹಾಗೇ ಇರು. ಏಳಬೇಡ.

ಕೋವಿ ಕಿತ್ತುಕೊಳ್ಳುತ್ತೇನೆ ಅಂದೆಯಲ್ಲ. ನಾಟಾರ್ ಈಗ ನನ್ನ ಎದೆ ಚೀಪುತ್ತಿದ್ದಾನೆ. ಅವನ ಮುಷ್ಟಿಯಲ್ಲಿ ನನ್ನ ಕೂದಲು ಬಿಟ್ಟರೆ ಏನೂ ಇಲ್ಲ.

ನೀನು ಕೇಳಿದ ಹೆಸರು ಇದೇ. "ನನ್ನ ತಮ್ಮ ಹೆಣ್ಣಾಗಿಬಿಟ್ಟನೇ" ಎಂದು ನೀನು ತಮಾಷೆ ಮಾಡಿದ್ದೆ. ಹೌದು, ಆಗಿದ್ದಾನೆ.

ನವೆಂಬರಿನ ಮೊದಲಲ್ಲಿ ಕೊಲ್ಲಿಯ ಮೇಲೆ ಹೊಸ ಮಂಜು ಕಟ್ಟಿತ್ತು. ಮಾಂಸ ಮುಗಿದಿತ್ತು. "ಅತ್ತಿಗೆ, ಆಚೆ ಸೀಲ್ ತಲೆ ಕಾಣ್ತಿದೆ, ಬರ್ತೀನಿ ಇರು" ಎಂದು ಹೊರಟ. ಈಟಿ ಗೋಡೆಗೆ ಒರಗಿಸಿಯೇ ಇತ್ತು. ಕತ್ತಲಾದರೂ ಬರಲಿಲ್ಲ. ಬೆಳಗಾದ ಮೇಲೆ ನಾನು ಆ ಈಟಿ ಚುಚ್ಚಿ ನೋಡುತ್ತಾ ಅವನ ಹೆಜ್ಜೆ ಹಿಡಿದು ಹೋದೆ. ಅಲ್ಲಲ್ಲಿ ಕೋವಿಯ ಹಿಡಿಯಿಂದ ತಟ್ಟಿದ ಗುರುತುಗಳಿದ್ದವು. ಅಗಲವಾದ ಹಿಡಿಗೆ ಗಟ್ಟಿಯಾಗಿ ಕೇಳಿಸಿದ ಜಾಗದಲ್ಲೇ ಈಟಿಯ ತುದಿ ಸರಕ್ಕನೆ ಒಳಗೆ ಹೋಯಿತು. ಭಾರಕ್ಕೆ ಮಂಜು ಒಡೆಯದಿರಲೆಂದು ನಾನು ಅಲ್ಲೇ ಬೋರಲು ಮಲಗಿದೆ. ಮುಂದೆ ಕಪ್ಪು ನೀರಿತ್ತು. ಅವನು ಅಂಚು ಹಿಡಿದು ಹಿಡಿದು ಒಡೆದ ಚೂರುಗಳು ಮತ್ತೆ ಕೂಡಿಕೊಂಡಿದ್ದವು.

ಕೋವಿ ನೀರಿನಿಂದ ದೂರ, ಗಟ್ಟಿ ಮಂಜಿನ ಮೇಲೆ, ನಮ್ಮ ಮನೆಯ ಕಡೆಗೆ ಬಿದ್ದಿತ್ತು. ಜಾರಿಸಿದ ಗೆರೆ ನೀರಿನ ಅಂಚಿನಿಂದ ನೇರವಾಗಿ ಬಂದಿತ್ತು. ಅದನ್ನು ಅಡ್ಡ ಹಾಕಿಕೊಂಡು ಮೇಲೇಳಲು ನೋಡಿದ್ದನೋ ಏನೋ, ಆಗಲಿಲ್ಲ. ತನ್ನ ಜೊತೆ ಅದೂ ಮುಳುಗಿದರೆ ನಾವು ಸಾಯುತ್ತೇವೆಂದು ಅವನಿಗೆ ಗೊತ್ತಿತ್ತು. ಕೈಯಲ್ಲಿದ್ದ ಕೊನೆಯ ಬಲದಲ್ಲಿ ಕೋವಿಯನ್ನು ನಮ್ಮ ಕಡೆ ತಳ್ಳಿದ, ಕಿಲ್ಲಾಕ್. ನೀನು ಕಿತ್ತುಕೊಳ್ಳಬೇಕೆಂದಿರುವುದು ಆ ಕೋವಿಯನ್ನು.

ಆ ತಿಂಗಳ ಕೊನೆಗೆ ನಿನ್ನ ಕಾಗದ ಬಂತು, ಒಳ್ಳೆಯ ಸುದ್ದಿ ಮಾತ್ರ ಬರೆ ಎಂದು. ಅತ್ತೆ ನನ್ನ ಕೈ ಹಿಡಿದುಕೊಂಡು, "ಒಬ್ಬ ಹೋದ. ಇನ್ನೊಬ್ಬನ್ನ ನಾನೇ ಕೊಲ್ಲಲಾ? ಹೇಳ್ಬೇಡ ಕಣೇ, ನನ್ನಾಣೆ" ಅಂದರು. ಅವನು ಹೋದಂದಿನಿಂದ ಬೇಟೆಗೆ ಹೋದದ್ದು ನಾನು. ನೀಲಿಗಟ್ಟಿದ ಭುಜ ನನ್ನದು. ಬೋರಲು ಮಲಗಲಾಗದ ಹೊಟ್ಟೆ ನನ್ನದು, ನಿನ್ನ ಮಗುವಿದ್ದ ಹೊಟ್ಟೆ. ಟಿಕ್ ಎಂದಾಗ ದಾರಿಯಲ್ಲಿ ಕೂತು ಅತ್ತವಳು ನಾನು. ನಿನ್ನನ್ನು ಕೇಳದೆ ನನಗೆ ಇನ್ನು ಯಾರಿದ್ದರು? ನನಗಾಗಿ ಎಂದು ಕೇಳಿದರೆ ನಿನಗೆ ತಿಳಿದುಹೋಗುತ್ತಿತ್ತು. ಅದಕ್ಕೇ ಅವನ ಹೆಸರಲ್ಲಿ ಕೇಳಿದೆ. ಪ್ರತಿ ಗುಂಡಿನ ನಂತರ ನೀನು ಹೇಳಿದ ಹಾಗೆ ನಳಿಗೆಯೊಳಗೆ ನೋಡುತ್ತೇನೆ. ಆಕಾಶ ಕಾಣುತ್ತದೆ.

ಮಗು ಬಂದಾಗ ಅತ್ತೆ ಅದರ ಮುಖ ನೋಡಿ, "ಬಂದ್ಯೇನೋ ಮಗನೇ, ಇಷ್ಟು ಹೊತ್ತು ಎಲ್ಲಿದ್ಯೋ, ಒದ್ದೆ ಆಗಿಬಿಟ್ಟಿದೀಯಲ್ಲೋ" ಅಂದರು. ಅಂದಿನಿಂದ ಮಾತು ಮತ್ತೆ ಶುರುವಾಗಿದೆ ಅವರಿಗೆ. ಬೇರೆ ಯಾವ ಹೆಸರು ಇಡಲಿ ನಾನು? ಇದನ್ನಿಟ್ಟರೆ ನಿನಗೆ ಬರೆಯಬೇಕು, ಬರೆದರೆ ನೀನು ಸಾಯುತ್ತೀಯ.

ಈಗ ಬರೆದಿದ್ದೇನೆ. ಬೈಯಿ, ಏನಾದರೂ ಅನ್ನು, ಆದರೆ ಹಡಗು ಹತ್ತಬೇಡ. ನನಗೆ ಇನ್ನೊಂದು ಹೆಸರು ಹೊರುವ ಶಕ್ತಿ ಇಲ್ಲ. ನಿನ್ನ ಹೆಸರಿನ ಮಗು ನನಗೆ ಬೇಡ, ನೀನು ಬೇಕು.

ಪೊಲೀಸಿನವನು ಎದ್ದು ನಿಂತಿದ್ದಾನೆ.

ಉವಿಲುಕ್


ಆಸ್ಪತ್ರೆ
೧೯೫೭ ಜುಲೈ ೨೮

ಉವಿಲುಕ್,

ಹಡಗು ನಿನ್ನೆ ಹೊರಟಿತು. ನಾನು ಹಾಸಿಗೆಯಲ್ಲಿದ್ದೇನೆ. ಗೋಡೆಗೆ ಮುಖ ಮಾಡಿ ಎಷ್ಟು ದಿನ ಮಲಗಿದ್ದೆನೋ ನರ್ಸಮ್ಮನಿಗೇ ಗೊತ್ತು. ಅವಳು ಚಮಚ ಹಿಡಿದು ಬಾಯಿಯ ಹತ್ತಿರ ಕೂತೇ ಇದ್ದಳು. ನೀನೇ "ತಿನ್ನು" ಎನ್ನುತ್ತಿದ್ದೀಯೆಂದುಕೊಂಡು ಬಾಯಿ ತೆರೆದೆ.

ನಾನು ಬರೆದ ಕಾಗದಗಳನ್ನು ಸುಟ್ಟುಬಿಡು. ಅಷ್ಟು ಹೊಲಸು ನನ್ನ ಎದೆಯಲ್ಲಿತ್ತು ಎಂದು ಆ ಚಿತ್ರದಲ್ಲಿ ಕಂಡಿರಲಾರದು. ನಿನ್ನ ಕಾಲು ಹಿಡಿಯಬೇಕು, ದೂರವಿದ್ದೇನೆ.

ನಾನೂ ಒಂದು ಮುಚ್ಚಿಟ್ಟಿದ್ದೆ. ಜೋಮು ಅಂದದ್ದು ಜೋಮಲ್ಲ. ಬಲಗಡೆಯ ಪಕ್ಕೆಲುಬುಗಳನ್ನು ಕತ್ತರಿಸಿ ತೆಗೆದಿದ್ದಾರೆ. ಕೈ ಭುಜದ ತನಕ ಏಳುವುದಿಲ್ಲ. ಆವತ್ತಿನಿಂದ ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೊರಳೆಲುಬಿನ ಕೆಳಗಿನ ಗುಳಿಗೆ ಒತ್ತಿ ಹಿಡಿ ಎಂದು ಬರೆದೆನಲ್ಲ, ನನ್ನಲ್ಲಿ ಆ ಜಾಗವೇ ಈಗ ಇಲ್ಲ. ಬದುಕಿ ಬರುತ್ತೇನೆ ಎನ್ನುತ್ತಾರೆ, ಒಂದು ವರ್ಷವೋ ಎರಡೋ. ಬಂದವನು ನೀನು ತಂದ ಮಾಂಸ ತಿನ್ನಬೇಕು. ಆಗಬಹುದೇ?

ಕೆಳಗಿನದನ್ನು ನಾಟಾರ್‌ಗೆ ಓದಿ ಹೇಳು. ಅಮ್ಮನ ಮುಂದೆಯೇ ಓದು.

ತಮ್ಮಾ, ಬಂದ್ಯಲ್ಲೋ, ಸಾಕು. ಅಣ್ಣ ಏನೇನೋ ಅಂದ್ಬಿಟ್ಟ, ಮನಸ್ಸಲ್ಲಿ ಇಟ್ಕೋಬೇಡ. ಇವರನ್ನ ಹಸಿಯೋಕೆ ಬಿಡಲ್ಲ ಅಂದಿದ್ದೆ, ಬಿಡಲಿಲ್ಲ ನೀನು. ಸಿಪಾಯಿ ಇನ್ಮೇಲೆ ನಿನ್ನವನು. ನೀನು ಅವನನ್ನ ಎತ್ತೋವಷ್ಟು ದೊಡ್ಡವನಾಗೋ ತನಕ ನಿನ್ನ ಅತ್ತಿಗೆ ಕೈಲಿರಲಿ, ಅವಳು ನನಗಿಂತ ಚೆನ್ನಾಗಿ ಹೊಡೀತಾಳೆ. ನಾನು ಮೊದ್ಲು ಹೇಳಿದ್ದನ್ನ ಮರ್ತುಬಿಡು. ಮಂಜುಗಡ್ಡೆ ಮೇಲೆ ಹೋಗೋವಾಗ ಈಟಿ ತಗೊಂಡು ಹೋಗೋ.